ಅರ್ಥವಿಲ್ಲದ ಮಾತಿನ ಅರ್ಥ

‘ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ.’ ಐದು ವರ್ಷದ ಪಾಲ್ ಹೀಗೆಂದಾಗ ಅಲ್ಲಿ ನಾಯಿಯೂ ಇರಲಿಲ್ಲ, ಬಾಲ್ಕನಿಯೂ ಇರಲಿಲ್ಲ. ಕೇಳಿದವರು ಅದನ್ನು ಬರಿಯ ಬಡಬಡಿಕೆ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹಾಗೆಂದುಕೊಳ್ಳಲಿಲ್ಲ. ಆ ಮಾತು ಹುಟ್ಟಿದ್ದೆಲ್ಲಿ ಎಂದು ವಿಚಾರಿಸಿದರು.

ಮೂರು ವರ್ಷ ಹಿಂದೆ ಹೋಟೆಲೊಂದರಲ್ಲಿ ತಂಗಿದ್ದಾಗ ಪಾಲ್ ತನ್ನ ಆಟಿಕೆ ನಾಯಿಯನ್ನು ಬಾಲ್ಕನಿಯಿಂದ ಕೆಳಕ್ಕೆ ಎಸೆದಿದ್ದ. ಅದನ್ನು ಎತ್ತಿ ತಂದು ಬೇಸತ್ತ ತಾಯಿ ಹೀಗೆ ಗದರಿದ್ದರು. ಅಂದಿನಿಂದ ಏನನ್ನಾದರೂ ಎಸೆಯಬೇಕೆನಿಸಿದಾಗಲೆಲ್ಲ ಹುಡುಗ ಅದೇ ಮಾತಿನಿಂದ ತನ್ನನ್ನು ತಾನೇ ತಡೆದುಕೊಳ್ಳುತ್ತಿದ್ದ.

ಇದೇ ಪಾಲ್ ಅಡುಗೆ ಪಾತ್ರೆಯನ್ನು ಹೋಲುವ ಏನನ್ನು ಕಂಡರೂ ‘ಪೀಟರ್ ಈಟರ್’ ಎನ್ನುತ್ತಿದ್ದ. ಹಿಂದೊಮ್ಮೆ ತಾಯಿ ಅಡುಗೆಮನೆಯಲ್ಲಿ ಪೀಟರ್ ಎಂಬುವನ ಶಿಶುಗೀತೆ ಹೇಳುತ್ತಿದ್ದಾಗ ಕೈಯಿಂದ ಪಾತ್ರೆ ಜಾರಿ ಬಿದ್ದಿತ್ತು. ಹಾಡು, ಸದ್ದು, ಪಾತ್ರೆ ಮೂರೂ ಅವನ ಮನಸ್ಸಿನಲ್ಲಿ ಒಂದಾಗಿದ್ದವು.

1943ರಲ್ಲಿ 11 ಮಕ್ಕಳನ್ನು ಕುರಿತು ಬರೆದು ಆಟಿಸಂಗೆ ವೈದ್ಯಲೋಕದಲ್ಲಿ ರೂಪ ಕೊಟ್ಟವರು ಈ ಕ್ಯಾನರ್. ಯೌವನದಲ್ಲಿ ಕವಿಯಾಗಬೇಕೆಂದು ಬಯಸಿದ್ದ ಅವರು 1946ರ ಪ್ರಬಂಧದಲ್ಲಿ ಈ ಮಕ್ಕಳ ಮಾತನ್ನು ಕಾವ್ಯದ ರೂಪಕದೊಂದಿಗೆ ಹೋಲಿಸಿದರು. ಕವಿ ಮುಖವನ್ನು ಕಮಲವೆಂದರೆ ನಮಗೆ ತಿಳಿಯುತ್ತದೆ. ಹೋಲಿಕೆ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಪಾಲ್‌ನ ರೂಪಕದ ಕೀಲಿಕೈ ಮಾತ್ರ ಅವನ ಮನೆಯಲ್ಲೇ ಉಳಿದಿತ್ತು. ಅಂದು ಏನಾಯಿತೆಂದು ಬಲ್ಲ ತಾಯಿ ಹೇಳದಿದ್ದರೆ ವೈದ್ಯರಿಗೂ ಅದು ಒಗಟೇ.

ಈ ಕಥೆಯ ಮುಂದಿನ ಪುಟವೊಂದು ನಮ್ಮ ನಾಡಿಗೂ ಸೇರಿದೆ. ಬಾಲ್ಯದ ಕೆಲಕಾಲವನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯರಿಗೆ ತೀವ್ರ ಆಟಿಸಂ. ಮಾತು ಬಹಳ ಕಷ್ಟ. ಅವರು ಬಾಲಕನಾಗಿದ್ದಾಗ ಬರೆದ ಗದ್ಯ, ಪದ್ಯಗಳ ಪುಸ್ತಕ ‘ಬಿಯಾಂಡ್ ದ ಸೈಲೆನ್ಸ್’ 2000ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಅವರ ತಾಯಿ ಸೋಮಾ ರೂಪಿಸಿದ ಕಲಿಕೆಯ ವಿಧಾನವನ್ನು ತಜ್ಞರು ಹಲವರು ಒಪ್ಪುವುದಿಲ್ಲ. ಆದರೆ ಆಟಿಸಂ ಇದ್ದವರ ಒಳಗನ್ನು ಹೊರಗಿನವರೇ ಬಣ್ಣಿಸುತ್ತಿದ್ದ ಕಾಲ ಕಳೆದು, ಅವರೇ ಲೇಖಕರಾಗುವ ಕಾಲ ಬಂದಿದೆ.

ಆಟಿಸಂ ಇರುವ ಮಕ್ಕಳೆಲ್ಲರೂ ಕವಿಗಳಲ್ಲ. ಎಷ್ಟೋ ಮಕ್ಕಳು ಮಾತನ್ನೇ ಆಡುವುದಿಲ್ಲ. ಆದರೂ ಮಗುವೊಂದು ಸಂದರ್ಭಕ್ಕೆ ಹೊಂದದ ಮಾತನ್ನು ಮತ್ತೆ ಮತ್ತೆ ಆಡಿದರೆ ‘ಸುಮ್ಮನಿರು’ ಎನ್ನುವ ಮುನ್ನ, ಆ ಮಾತು ಮೊದಲು ಕೇಳಿದ್ದು ಎಲ್ಲಿ, ಯಾವಾಗ ಎಂದು ನೆನಪಿಸಿಕೊಳ್ಳಬಹುದಲ್ಲವೇ? ಅರ್ಥ ಅಲ್ಲೇ ಕಾದಿರಬಹುದು.