ಸುಂಕದವನ ಹತ್ತಿರ ಹವ್ಯಾಸದ ಕತೆ

‘ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ’ ಅಂತ ನಮ್ಮಲ್ಲೊಂದು ಗಾದೆ ಇದೆ. ಹೊರದೇಶದಿಂದ ಏನಾದರೂ ತರಿಸಿಕೊಳ್ಳುವ ಚಟ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಚಟ ಪ್ಲಾಸ್ಟಿಕ್ ವಿಮಾನ. ತಾಮಿಯಾ, ಹಸೆಗಾವಾ ಥರದ ಜಪಾನಿ ಕಂಪನಿಗಳ ಕಿಟ್ ತರಿಸಿ, ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಕಪಾಟಿನಲ್ಲಿಡುವುದು. ದೇವನಹಳ್ಳಿ ಪಕ್ಕದಲ್ಲಿ ಮನೆ ಮಾಡಿಕೊಂಡವನಿಗೆ ಬೇರೆ ಯಾವ ಹುಚ್ಚು ಹಿಡಿಯಲು ಸಾಧ್ಯ ಹೇಳಿ! ಗೆಳೆಯರಲ್ಲಿ ಒಬ್ಬನಿಗೆ ಫೌಂಟನ್ ಪೆನ್ನು, ಇನ್ನೊಬ್ಬನಿಗೆ ಮೆಕ್ಯಾನಿಕಲ್ ಕೀಬೋರ್ಡು, ಮತ್ತೊಬ್ಬ ಹ್ಯಾಮ್ ರೇಡಿಯೊದವನು. ಸೇರಿದಾಗ ಮೊದಲು ಬರುವ ಪ್ರಶ್ನೆ ‘ಹೊಸದೇನು ತಗೊಂಡೆ?’ ಅಲ್ಲ, ‘ಡ್ಯೂಟಿ ಎಷ್ಟು ಬಿತ್ತು?’ ಅನ್ನೋದು.

ಈ ಪ್ರಶ್ನೆಗೆ ಹಳೆಯ ಇತಿಹಾಸವಿದೆ. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಅಂತ ಸುಂಕದ ಹೆಸರುಗಳು ಸಿಗುತ್ತವೆ. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣ ಎಂಬುವರೇ ಇದ್ದಾರೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಇವತ್ತಿಗೂ ಸುಂಕದಕಟ್ಟೆ ಅನ್ನೋ ಬಸ್‌ಸ್ಟಾಪ್ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಮದುವೆಗೊಂದು, ಮಗು ಹುಟ್ಟಿದ್ದಕ್ಕೊಂದು, ಹೆಸರಿಟ್ಟಿದ್ದಕ್ಕೊಂದು, ತಲೆ ಬೋಳಿಸಿದ್ದಕ್ಕೊಂದು! ಒಂದು ಊರಿನವರು, ತಮ್ಮ ಹಿರೀಕರು ಪಾಳೆಯಗಾರನ ಕಳೆದುಹೋದ ಕುದುರೆಯನ್ನು ಹುಡುಕಿಕೊಡಲಿಲ್ಲ ಅನ್ನೋ ಕಾರಣಕ್ಕೆ ತಲೆತಲಾಂತರ ತೆರಿಗೆ ಕಟ್ಟುತ್ತಿದ್ದರಂತೆ.

ನಗು ಬರುತ್ತೆ. ಆದರೆ ಒಂದು ವಿಷಯ ಗಮನಿಸಿ. ಆ 769ರಲ್ಲಿ ಪ್ರತಿಯೊಂದಕ್ಕೂ ಒಂದು ಹೆಸರಿತ್ತು, ಒಂದು ನೆಪವಿತ್ತು. ಕಟ್ಟುವವನಿಗೆ ತಾನು ಯಾಕೆ ಕಟ್ಟುತ್ತಿದ್ದೇನೆ ಅಂತ ಗೊತ್ತಿತ್ತು. ಇವತ್ತಿನ ಸುಂಕದ ಪಟ್ಟಿಯಲ್ಲಿ ವ್ಯಾಪಾರಕ್ಕೊಂದು ಕಾಲಂ ಇದೆ, ಪ್ರಯಾಣಿಕರ ಲಗೇಜಿಗೊಂದಿದೆ, ಉಡುಗೊರೆಗೊಂದಿದೆ, ‘ಸ್ವಂತ ಬಳಕೆ’ಗೊಂದಿದೆ. ಹವ್ಯಾಸಕ್ಕೆ ಮಾತ್ರ ಕಾಲಂ ಇಲ್ಲ. ಹವ್ಯಾಸಿ ಯಾವಾಗಲೂ ಬೇರೆ ಯಾರದೋ ಕಾಲಂನಲ್ಲಿ ಕೂತು ಕಾಯುವವನು.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಅವನು ಕೂತಿದ್ದು ಹೆಚ್ಚುಕಡಿಮೆ ಕಳ್ಳಸಾಗಣೆಯ ಪಕ್ಕದಲ್ಲೇ. ಆಗ ಸುಂಕ ಎಷ್ಟು ಅನ್ನೋದು ಎರಡನೇ ಪ್ರಶ್ನೆ, ತರಿಸಲು ಅನುಮತಿ ಇದೆಯಾ ಅನ್ನೋದೇ ಮೊದಲನೆಯದು. ಗ್ರಾಹಕ ವಸ್ತುಗಳಲ್ಲಿ ಬಹುತೇಕ ಎಲ್ಲವೂ ನಿರ್ಬಂಧಿತ ಪಟ್ಟಿಯಲ್ಲಿದ್ದವು. ದುಬೈನಿಂದ ಬರುವ ಭಾವನ ಸೂಟ್‌ಕೇಸೇ ಅಂದಿನ ಆನ್‌ಲೈನ್ ಶಾಪಿಂಗ್. ಕ್ಯಾಮೆರಾ, ಟೇಪ್‌ರೆಕಾರ್ಡರ್, ಕೈಗಡಿಯಾರ ಎಲ್ಲವೂ ಹಾಗೇ ಬಂದವು. ಉಳಿದವರು ಇದ್ದದ್ದರಲ್ಲೇ ರಿಪೇರಿ ಮಾಡಿಕೊಂಡರು. ನಮ್ಮ ಹಳೇ ತಲೆಮಾರಿನ ಹವ್ಯಾಸಿಗಳ ಕೈಯಲ್ಲಿ ಅಷ್ಟು ಕಸುಬುಗಾರಿಕೆ ಇದ್ದುದಕ್ಕೆ ಇದೂ ಒಂದು ಕಾರಣ ಇರಬೇಕು. ಹಾಗಂತ ಆ ಕಾಲವನ್ನು ಹೊಗಳಲಾರೆ. ಬಿಡಿಭಾಗ ಸಿಗದೆ ಹವ್ಯಾಸವನ್ನೇ ಬಿಟ್ಟವರ ಲೆಕ್ಕ ಇಟ್ಟವರು ಯಾರೂ ಇಲ್ಲ.

ಹವ್ಯಾಸಿಗೆ ತನ್ನದೇ ಜಾಗ ಸಿಕ್ಕ ಉದಾಹರಣೆ ಹುಡುಕಿದರೆ ಒಂದು ಸಿಗುತ್ತದೆ, ಹ್ಯಾಮ್ ರೇಡಿಯೊ. ಹಳೇ ತಲೆಮಾರಿನ ಹ್ಯಾಮ್‌ಗಳು ಎರಡನೇ ಮಹಾಯುದ್ಧದಲ್ಲಿ ಉಳಿದ ಸೇನೆಯ ಸಾಮಾನುಗಳನ್ನು ಬಿಚ್ಚಿ, ಬೆಸುಗೆ ಹಾಕಿ ಕೆಲಸ ನಡೆಸಿದವರು. 1980ರ ಹೊತ್ತಿಗೆ ದೇಶದಲ್ಲಿ ಲೈಸೆನ್ಸ್ ಇದ್ದವರು ಸುಮಾರು 1,500 ಮಂದಿ. 1984ರಲ್ಲಿ ವೈರ್‌ಲೆಸ್ ಉಪಕರಣಗಳ ಆಮದು ಸುಂಕ ಮನ್ನಾ ಆಯಿತು. ಇದರ ಹಿಂದಿದ್ದ ರಾಜೀವ್ ಗಾಂಧಿ ಸ್ವತಃ ಹ್ಯಾಮ್, ಅವರ ಕರೆಸಂಕೇತ ವಿಯು2ಆರ್‌ಜಿ. 2000ದ ಹೊತ್ತಿಗೆ ಹ್ಯಾಮ್‌ಗಳ ಸಂಖ್ಯೆ ಹತ್ತು ಸಾವಿರದ ಹತ್ತಿರ ಹೋಯಿತು. ಸುಂಕವೊಂದೇ ಕಾರಣ ಅಂತ ಹೇಳೋಕಾಗಲ್ಲ, ಆದರೆ ಬಾಗಿಲು ತೆರೆದದ್ದು ಅದೇ.

ಅದರಿಂದ ದೇಶಕ್ಕೇನು ಲಾಭ ಅಂತ ಕೇಳುವವರಿಗೆ 2004ರ ಡಿಸೆಂಬರ್ ನೆನಪಿಸಬೇಕು. ಸುನಾಮಿ ಬಂದು ಅಂಡಮಾನ್‌ನ ಫೋನ್ ಸಂಪರ್ಕ ಕಡಿದಾಗ ಅಲ್ಲೊಂದು ಹ್ಯಾಮ್ ತಂಡ ಆಗಲೇ ಇತ್ತು. ಅವರು ಹೋಗಿದ್ದು ಹವ್ಯಾಸಕ್ಕಾಗಿ, ಅಪರೂಪದ ಜಾಗದಿಂದ ಜಗತ್ತಿನ ಇತರ ಹ್ಯಾಮ್‌ಗಳ ಜೊತೆ ಮಾತಾಡೋಕೆ. ಮರುಕ್ಷಣದಿಂದ ಬದುಕಿದವರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸುವ ಕೆಲಸಕ್ಕೆ ಕೂತರು. ನನ್ನ ಪ್ಲಾಸ್ಟಿಕ್ ವಿಮಾನ ಯಾರ ಜೀವವನ್ನೂ ಉಳಿಸುವುದಿಲ್ಲ, ಒಪ್ಪಿದೆ. ಆದರೆ ಯಾವ ಹವ್ಯಾಸ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಮೊದಲೇ ಹೇಳಬಲ್ಲ ಪಟ್ಟಿ ಯಾರ ಹತ್ತಿರವೂ ಇಲ್ಲ.

1991ರ ಜುಲೈ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗರಿಷ್ಠ ಆಮದು ಸುಂಕವನ್ನು 150%ಗೆ ಇಳಿಸಿದರು. ಹೌದು, ‘ಇಳಿಸಿದರು’! 1995ಕ್ಕೆ ಅದು 50% ಆಯಿತು, 2007ಕ್ಕೆ ಕೃಷಿಯೇತರ ವಸ್ತುಗಳ ಮೇಲೆ 10%. ನಡುವೆ, 2001ರ ಏಪ್ರಿಲ್ 1ರಂದು, ಕೊನೆಯ 715 ವಸ್ತುಗಳ ಆಮದು ನಿರ್ಬಂಧ ಹೋಯಿತು. 2008ರ ಮೇ 24ರಂದು ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಸುಂಕದ ಕಟ್ಟೆ ನಮ್ಮೂರಿಗೇ ಬಂತು ಅನ್ನಿ. ಟೋಕಿಯೊದಿಂದ ಹೊರಟ ಪೆಟ್ಟಿಗೆ ಈಗ ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಇಳಿಯುತ್ತೆ, ಆಮೇಲೆ ಆ ಕೆಲವು ಕಿಲೋಮೀಟರ್ ದಾಟಲು ಕೆಲವೊಮ್ಮೆ ವಾರಗಟ್ಟಲೆ ತಗೊಳ್ಳುತ್ತೆ.

ನಮ್ಮ ತಲೆಮಾರಿನ ಹವ್ಯಾಸಗಳು ಹುಟ್ಟಿದ್ದು ಈ ತೆರೆದ ಬಾಗಿಲಿನ ವರ್ಷಗಳಲ್ಲಿ. ಆಮೇಲೆ ಬಾಗಿಲು ಮತ್ತೆ ಮುಚ್ಚುತ್ತಾ ಬಂತು. 2019ರ ಜುಲೈ ಬಜೆಟ್‌ನಲ್ಲಿ ಆಮದು ಪುಸ್ತಕಗಳ ಮೇಲೆ 5% ಸುಂಕ. ಅದೇ ವರ್ಷ ಡಿಸೆಂಬರ್‌ನಲ್ಲಿ, ಅಂಚೆ ಅಥವಾ ಕೊರಿಯರ್‌ನಲ್ಲಿ ‘ಉಡುಗೊರೆ’ ಅಂತ ಬರುವ ಸಾಮಾನುಗಳಿಗೆ ನಿಷೇಧ. ಚೀನಾದ ಆನ್‌ಲೈನ್ ಅಂಗಡಿಗಳು ಐದು ಸಾವಿರ ರೂಪಾಯಿ ಒಳಗಿನ ಮಾಲನ್ನು ಉಡುಗೊರೆ ಲೆಕ್ಕದಲ್ಲಿ ಸುಂಕವಿಲ್ಲದೆ ದಾಟಿಸುತ್ತಿದ್ದುದಕ್ಕೆ ಬಂದ ಆದೇಶ ಅದು. ವಿನಾಯಿತಿ ಸಿಕ್ಕಿದ್ದು ಎರಡಕ್ಕೆ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿ ಮಾತ್ರ, ರಾಖಿ ಜೊತೆಗಿನ ಉಡುಗೊರೆಗಲ್ಲ! ಅಂದರೆ ಸರ್ಕಾರಕ್ಕೆ ಭಾವನೆ ಅರ್ಥವಾಗುತ್ತೆ, ಪಂಚಾಂಗದಲ್ಲಿ ಅದಕ್ಕೊಂದು ದಿನ ಇರಬೇಕು ಅಷ್ಟೇ.

2020ರ ಫೆಬ್ರವರಿಯಲ್ಲಿ ನನ್ನ ಸರದಿ ಬಂತು. ಆಟಿಕೆಗಳ ಸುಂಕ 20%ನಿಂದ ಒಂದೇ ಏಟಿಗೆ 60% ಆಯಿತು, 2023ರಲ್ಲಿ 70%. ಸುಂಕದ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಗೊಂಬೆ, ಮಕ್ಕಳ ಮೂರು ಚಕ್ರದ ಸೈಕಲ್ ಜೊತೆಗೇ ನಮ್ಮ ಸ್ಕೇಲ್ ಮಾಡೆಲ್‌ಗಳೂ ಕೂತಿವೆ. ಪೆಟ್ಟಿಗೆ ಮೇಲೆ ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿದ್ದರೂ ಅದು ಆಟಿಕೆಯೇ. ಆಮದು ಮಾಡುವ ಸಣ್ಣ ಹಾಬಿ ಅಂಗಡಿಗೆ ಇದು ನೇರ ಹೊಡೆತ. ಅಂಗಡಿಯವನು ತರಿಸುವುದು ಕಮ್ಮಿ ಮಾಡಿದರೆ ನಾವೇ ಒಂದೊಂದಾಗಿ ತರಿಸಬೇಕು. ಆಗ ಲೆಕ್ಕ ಹೀಗೆ: ಕಿಟ್‌ಗೆ 4,000 ರೂಪಾಯಿ, ಸಾಗಣೆಗೆ 2,000 ಅಂದುಕೊಳ್ಳಿ. ಸುಂಕ ಬೀಳುವುದು ಬರೀ ನಾಲ್ಕು ಸಾವಿರದ ಮೇಲಲ್ಲ, ಸಾಗಣೆ ವೆಚ್ಚದ ಒಂದು ಪಾಲೂ ಅದಕ್ಕೆ ಸೇರುತ್ತೆ. ಆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಐಜಿಎಸ್‌ಟಿ. ಇದರ ಮೇಲೆ ಕೊರಿಯರ್‌ನವರ ಫೀಸು. ಕಳೆದ ವರ್ಷ ನನ್ನ ಒಂದೇ ಥರದ ಎರಡು ಪಾರ್ಸೆಲ್‌ಗಳಿಗೆ ಎರಡು ಬೇರೆ ಬೇರೆ ಮೊತ್ತ ಬಂತು. ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ನಮ್ಮ ಗಾದೆಯಲ್ಲೇ ಇದೆ.

ಇಷ್ಟು ಬರೆದು ಸುಂಕವೇ ಬೇಡ ಅಂತ ಮುಗಿಸಬಹುದಿತ್ತು. ಆದರೆ ವಿಮಾನ ನಿಲ್ದಾಣದಿಂದ ದೊಡ್ಡಬಳ್ಳಾಪುರದ ಕಡೆ ಗಾಡಿ ತಿರುಗಿಸಿದರೆ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮಗ್ಗದ ಸದ್ದು ಕೇಳಿಸುತ್ತೆ. ಇನ್ನೊಂದು ಕಡೆ, ದೇವನಹಳ್ಳಿ ತಾಲ್ಲೂಕಿನದೇ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಇವರಿಬ್ಬರಿಗೂ ಸುಂಕ ಅಂದರೆ ಹವ್ಯಾಸದ ಮಾತಲ್ಲ, ಅನ್ನದ ಮಾತು. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಅಗ್ಗದ ವಿದೇಶಿ ರೇಷ್ಮೆ ಮೈಸೂರಿನ ಬೆಳೆಗಾರರನ್ನು ಮಲಗಿಸಿತ್ತು. ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆದು 1934ರಲ್ಲಿ ರಕ್ಷಣಾ ಸುಂಕ ಬಂತು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು 30%ನಿಂದ 5%ಗೆ ಇಳಿಸಿದಾಗ ಚೀನಾ ನೂಲು ಅಗ್ಗವಾಗಿ ನೇಕಾರ ಉಸಿರಾಡಿದ, ಗೂಡು ಬೆಳೆದ ರೈತ ಬೀದಿಗಿಳಿದ. 2013ರಲ್ಲಿ ಸುಂಕ 15%ಗೆ ಏರಿತು, ನಂತರ 10%ಗೆ ಇಳಿಯಿತು, 2021ರಲ್ಲಿ ಮತ್ತೆ 15%.

ಒಂದೇ ಜಿಲ್ಲೆಯಲ್ಲಿ, ಒಂದೇ ಅಂಕಿ, ಒಬ್ಬನಿಗೆ ಬೇಲಿ, ಇನ್ನೊಬ್ಬನಿಗೆ ಗೋಡೆ. ಆದರೂ ಇವರಿಬ್ಬರ ಅಹವಾಲು ದೆಹಲಿಯವರೆಗೆ ಹೋಗುತ್ತೆ. ದರ ನಿಗದಿಯಾಗುವಾಗ ಇಬ್ಬರೂ ಲೆಕ್ಕದಲ್ಲಿರುತ್ತಾರೆ. ಆಟಿಕೆ ಸುಂಕ ಏರಿಸಿದಾಗ ಸರ್ಕಾರದ ಕಣ್ಣಮುಂದೆ ಇದ್ದದ್ದು ದೇಶದ ಆಟಿಕೆ ಉದ್ಯಮ. ಅದರಲ್ಲಿ ತಪ್ಪಿಲ್ಲ, ನಮ್ಮ ಚನ್ನಪಟ್ಟಣದ ಕೆಲಸಗಾರನಿಗೂ ಬಾಳಬೇಕಲ್ಲ. ಆದರೆ ಚನ್ನಪಟ್ಟಣದವರು ಜೆಟ್ ವಿಮಾನದ ಕಿಟ್ ಮಾಡುವುದಿಲ್ಲ. ನನ್ನಿಂದ ಅವರಿಗೆ ನಷ್ಟವೂ ಇರಲಿಲ್ಲ, ನನ್ನ ಸುಂಕದಿಂದ ಅವರಿಗೆ ಲಾಭವೂ ಆಗಲಿಲ್ಲ. ಹವ್ಯಾಸಿಯ ಮೇಲೆ ಯಾರಿಗೂ ಸಿಟ್ಟಿಲ್ಲ. ಅವನು ಯಾರಿಗೂ ಕಾಣಿಸುವುದೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಹೋಯಿತು. ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕು ಅನ್ನೋದೇ ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಲ್ಲಿಗೆ ಹೋಗುವ ಬಹುತೇಕ ಪಾರ್ಸೆಲ್‌ಗಳನ್ನು ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಅಲ್ಲಿನ ಕನ್ನಡಿಗರು ಊರಿಂದ ಕನ್ನಡ ಪುಸ್ತಕ ತರಿಸಿಕೊಳ್ಳುವುದು ಇದೇ ದಾರಿಯಲ್ಲಿ. ತಮಾಷೆ ಅಂದರೆ ಪುಸ್ತಕಕ್ಕೆ ಆ ಹೊಸ ಸುಂಕ ಅನ್ವಯಿಸುತ್ತಲೇ ಇರಲಿಲ್ಲ. ಸುಂಕ ಇಲ್ಲದ ವಸ್ತುವೂ ಸುಂಕದ ಗೊಂದಲದಲ್ಲಿ ಸಿಕ್ಕಿಕೊಂಡಿತು.

ಇಷ್ಟೂ ಇತಿಹಾಸ ಓದಿದ ಮೇಲೆ ನನಗೆ ಹೊಳೆದದ್ದು ಇದು: ಹವ್ಯಾಸವನ್ನು ಕೊಲ್ಲುವುದು ದೊಡ್ಡ ದರವಲ್ಲ, ಗೊತ್ತಿಲ್ಲದ ದರ. 2026ರ ಬಜೆಟ್‌ನಲ್ಲಿ ಸ್ವಂತ ಬಳಕೆಗೆ ತರಿಸುವ ವಸ್ತುಗಳ ಸುಂಕವನ್ನು 20%ನಿಂದ 10%ಗೆ ಇಳಿಸುವುದಾಗಿ ಹೇಳಿದಾಗ ನಮ್ಮ ಗುಂಪಿನಲ್ಲಿ ಖುಷಿಯೋ ಖುಷಿ. ನನಗೂ ಆಯಿತು. ಆದರೆ ಮುಂದಿನ ಫೆಬ್ರವರಿಯಲ್ಲಿ ಏನಾಗುತ್ತೆ ಅಂತ ಯಾರು ಹೇಳಬಲ್ಲರು? ಸಂಬಳ ಇರುವ ನಾವು ಎರಡು ಸಾವಿರ ಹೆಚ್ಚು ಬಿದ್ದರೆ ಗೊಣಗಿಕೊಂಡು ಕಟ್ಟುತ್ತೇವೆ. ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಕೂತು ಮೊದಲ ರೇಡಿಯೊ ಕಿಟ್‌ಗೆ ದುಡ್ಡು ಕೂಡಿಡುತ್ತಿರುವ ಡಿಪ್ಲೊಮಾ ಹುಡುಗಿಗೆ ಆ ಎರಡು ಸಾವಿರ ಎಲ್ಲಿಂದ ಬರಬೇಕು? ಅವಳು ಪಾರ್ಸೆಲ್ ಬಿಡಿಸಿಕೊಳ್ಳಲಾಗದೆ ವಾಪಸ್ ಕಳಿಸಿದರೆ ಅದು ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಆರ್ಡರ್ ಮಾಡುವ ಮುಂಚೆಯೇ ಸುಂಕ ಎಷ್ಟು ಅಂತ ತಿಳಿಯಬೇಕು. ಒಂದೇ ವಸ್ತುವಿಗೆ ಒಂದೇ ಮೊತ್ತ ಬೀಳಬೇಕು. ಆ ದರ ಕೆಲವು ವರ್ಷವಾದರೂ ನಿಲ್ಲಬೇಕು. 1984ರಲ್ಲಿ ಹ್ಯಾಮ್‌ಗಳಿಗೆ ಮಾಡಿದಂತೆ ಹವ್ಯಾಸಕ್ಕೂ ಒಂದು ಕಾಲಂ ಸಿಕ್ಕರೆ ಇನ್ನೂ ಒಳ್ಳೆಯದು. ಗೂಡಿನ ರೈತರಂತೆ, ನೇಕಾರರಂತೆ ಒಟ್ಟಾಗಿ ದನಿ ಎತ್ತುವುದನ್ನು ಹವ್ಯಾಸಿಗಳು ಇನ್ನೂ ಕಲಿತಿಲ್ಲ. ನಾವು ಸೇರೋದು ಡ್ಯೂಟಿ ಎಷ್ಟು ಬಿತ್ತು ಅಂತ ಕೇಳೋಕೆ ಮಾತ್ರ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ, ನಿಜ. ದರ ಬರೆಯುವವರಿಗಾದರೂ ಬರೆದು ಹೇಳಬಹುದು. ಬಜೆಟ್‌ಗೆ ಮುಂಚೆ ಸಾರ್ವಜನಿಕರಿಂದ ಸಲಹೆ ಕರೆಯುತ್ತಾರೆ. ಈ ಸಲ ನಾವು ನಾಲ್ಕೂ ಜನ ಬರೆಯೋದು ಅಂತ ಮಾತಾಗಿದೆ.