ದಾದರಿನ ತಾರಸಿಗಳು: ಗಾರೆಯಿಂದ ಕೋಬಾದವರೆಗೆ

ಕರಾವಳಿಯಿಂದ ಮುಂಬಯಿಗೆ ಬಂದು ದಾದರ್, ಮಾಟುಂಗಾ ಪರಿಸರದಲ್ಲಿ ನೆಲೆಸಿದ ಮಾಧ್ವ ಕುಟುಂಬಗಳಿಗೆ ಸಮತಟ್ಟಾದ ಮಾಡು ಹೊಸ ಸಂಗತಿಯಾಗಿತ್ತು. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಲ್ಲಿ ಮಾಡೆಂದರೆ ಇಳಿಜಾರಿನದೇ. ಮೊದಲು ಮುಳಿಹುಲ್ಲಿನದು, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ತರುವಾಯ ಕ್ರಮೇಣ ಹಂಚಿನದು. ಬಿದ್ದ ನೀರು ನಿಲ್ಲದೆ ಜಾರಿಹೋಗಬೇಕೆಂಬುದೇ ಅದರ ತತ್ತ್ವ. ಬಯಲುಸೀಮೆಯಿಂದ ಬಂದವರ ಅನುಭವ ಬೇರೆ. ವಿಜಯಪುರ, ಕಲಬುರಗಿಗಳ ಕಡೆ ಜಂತಿಗಳ ಮೇಲೆ ಸವಳು ಮಣ್ಣನ್ನು ಬಡಿದು ಕೂಡಿಸಿದ ಮಾಳಿಗೆಯೇ ರೂಢಿ. ಅಲ್ಪ ಮಳೆಯ ನಾಡಿಗೆ ಅದು ಸಾಕು, ಬೇಸಿಗೆಯ ಧಗೆಗೂ ಅದೇ ತಡೆ. ಮುಂಬಯಿಯಲ್ಲಾದರೋ ಮಾಡು ಬಯಲುಸೀಮೆಯದು, ಮಳೆ ಕರಾವಳಿಯದು. ಈ ವಿಚಿತ್ರ ಸಂಯೋಗವನ್ನು ನಿಭಾಯಿಸಿದ್ದು ಗಾರೆಯ ವಿದ್ಯೆ.

ಈ ವಿದ್ಯೆ ಅತಿ ಪ್ರಾಚೀನ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ರೋಮನರು ಹಂಚಿನ ಪುಡಿಯನ್ನು ಸುಣ್ಣದೊಡನೆ ಕಲಸಿ ನೀರಿನ ತೊಟ್ಟಿಗಳಿಗೆ ಬಳಿಯುತ್ತಿದ್ದರು. ಶ್ರೀ ವ್ಯಾಸರಾಜರೂ ಶ್ರೀ ಪುರಂದರದಾಸರೂ ಸಂಚರಿಸಿದ ಹಂಪೆಯಲ್ಲಿ ಭಕ್ತರು ಕೆಳಗಿನಿಂದ ಕಾಣುವುದು ಕಲ್ಲಿನ ಚಪ್ಪಡಿಗಳನ್ನು ಮಾತ್ರ. ಚಪ್ಪಡಿಗಳ ಸಂದಿನಲ್ಲಿ ನೀರಿಳಿಯದಂತೆ ಮೇಲೆ ಹಾಸಿದ ಇಟ್ಟಿಗೆ ಮತ್ತು ಗಾರೆಯ ಹೊದಿಕೆ ಕಣ್ಣಿಗೆ ಬೀಳುವುದಿಲ್ಲ.

ಗಾರೆಯ ಗುಣವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟಾಗ ಇಂಗಾಲಾಮ್ಲ ಹೊರಟುಹೋಗುತ್ತದೆ. ನೀರೆರೆದು ಅರಳಿಸಿದ ಸುಣ್ಣವು ಗಾಳಿಯಿಂದ ಅದೇ ಇಂಗಾಲಾಮ್ಲವನ್ನು ಮರಳಿ ಹೀರಿ ಪುನಃ ಕಲ್ಲಾಗುತ್ತದೆ. ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಸೇರಿದಾಗ ಗಾರೆಗೆ ತೇವದಲ್ಲಿಯೂ ಗಟ್ಟಿಯಾಗುವ ಶಕ್ತಿ ಬರುತ್ತದೆ. ಸೂಕ್ಷ್ಮ ಬಿರುಕು ಬಿಟ್ಟರೆ ಮಳೆಯ ನೀರಿನಲ್ಲಿ ಕರಗಿದ ಸುಣ್ಣವೇ ಆ ಬಿರುಕಿನಲ್ಲಿ ಇಳಿದು ಅದನ್ನು ಮುಚ್ಚುತ್ತದೆ. ಸಿಮೆಂಟಿಗೆ ಈ ಗುಣ ಬಹಳ ಕಡಿಮೆ.

ತಾರಸಿಯ ಕೆಲಸ ನಿಧಾನದ್ದು. ಇಟ್ಟಿಗೆಯ ಜಲ್ಲಿಯನ್ನು ಗಾರೆಯಲ್ಲಿ ಕಲಸಿ ಇಳಿಜಾರು ಕೊಟ್ಟು ಹರಡಿದ ಮೇಲೆ ಸಾಲಾಗಿ ಕುಳಿತ ಹೆಂಗಸರು ಮರದ ಬಡಿಗೆಗಳಿಂದ, ಹಾಡಿನ ಲಯಕ್ಕೆ ಸರಿಯಾಗಿ, ಒಂದು ವಾರದವರೆಗೆ ಬಡಿಯುತ್ತಿದ್ದರು. ಬಡಿಗೆ ಪುಟಿದು ಹಿಂದಕ್ಕೆ ಬಂದರೆ ಕೆಲಸ ಪೂರ್ಣವಾಯಿತೆಂದು ಅರ್ಥ. ಬಡಿಯುವಾಗ ಚಿಮುಕಿಸಲು ಬೆಲ್ಲದ ನೀರು ಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿವರಣಾ ಗ್ರಂಥದಲ್ಲಿಯೂ 60 ಲೀಟರ್ ನೀರಿಗೆ ಸುಮಾರು ಒಂದೂಮುಕ್ಕಾಲು ಕಿಲೋ ಬೆಲ್ಲ, ಒಂದು ಕಿಲೋ ಬೇಯಿಸಿದ ಬಿಲ್ವಫಲ ಎಂಬ ಪ್ರಮಾಣವಿದೆ. ದಕ್ಷಿಣದಲ್ಲಿ ಬಿಲ್ವದ ಬದಲು ಅಳಲೆಕಾಯಿ. ಇದನ್ನು ಅಜ್ಜಿಯ ಕಾಲದ ನಂಬಿಕೆಯೆಂದು ನಗುವವರು ಭಾರತೀಯ ಮಾನಕ ಸಂಸ್ಥೆಯು ಸುಣ್ಣದ ಗಾರೆಯ ತಾರಸಿಗೆಂದೇ 3036ನೆಯ ಸಂಖ್ಯೆಯ ಸಂಹಿತೆಯನ್ನು ಹೊರಡಿಸಿರುವುದನ್ನು ಗಮನಿಸಬೇಕು.

ದಾದರಿನ ಇಂದಿನ ರೂಪಕ್ಕೆ ಮೂಲ 1896ರ ಪ್ಲೇಗು. ಕಿಕ್ಕಿರಿದ ಕೇರಿಗಳಿಂದ ಜನರನ್ನು ಹೊರತರಲು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗಾ ಬಡಾವಣೆಗಳು ಅದರ ಯೋಜನೆಯಿಂದ ಬೆಳೆದವು. ಅದೇ ಮಾರಿಯ ಭಯದಿಂದಲೇ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದವು. ಬೆಂಗಳೂರಿನ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕುವ ಮದ್ರಾಸ್ ತಾರಸಿ ರೂಢಿಯಲ್ಲಿತ್ತು. ರೈಲ್ವೆಯ ಹಳೆಯ ಕಟ್ಟಡಗಳಲ್ಲಿ ಮರದ ಸ್ಥಾನವನ್ನು ಉಕ್ಕಿನ ತೊಲೆಗಳು ಪಡೆದವು. ಎರಡು ತೊಲೆಗಳ ನಡುವೆ ಇಟ್ಟಿಗೆಯ ಚಿಕ್ಕ ಕಮಾನು, ಅದರ ಮೇಲೆ ಗಾರೆ.

1930ರ ದಶಕದಿಂದ ದಾದರಿನಲ್ಲಿ ಆರ್.ಸಿ.ಸಿ. ಚಪ್ಪಡಿಯ ಕಟ್ಟಡಗಳು ಸಾಲುಗಟ್ಟಿ ಎದ್ದವು. ಚಪ್ಪಡಿ ಗಟ್ಟಿ, ಆದರೆ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಂಥದು. ಪ್ಯಾರಪೆಟ್ ಗೋಡೆ ಅದನ್ನು ಸೇರುವಲ್ಲಿಯೇ ಮೊದಲು ಬಾಯಿ ಬಿಡುವುದು. ಇದಕ್ಕೆ ಮುಂಬಯಿ ಕಂಡುಕೊಂಡ ಪರಿಹಾರ ಇಟ್ಟಿಗೆ ಚೂರಿನ ಕೋಬಾ. ಮರಾಠಿಯಲ್ಲಿ ಕೋಬಾ ಎಂದರೆ ಬಡಿದು ಗಟ್ಟಿಮಾಡಿದ ಗಾರೆಯ ನೆಲ. ಹೆಸರು ಉಳಿಯಿತು, ಸುಣ್ಣ ಹೋಗಿ ಸಿಮೆಂಟು ಬಂದಿತು. ಚಪ್ಪಡಿಯ ಮೇಲೆ ಸಿಮೆಂಟಿನ ಹಾಲು ಸುರಿದು, ಇಟ್ಟಿಗೆಯ ತುಂಡುಗಳನ್ನು ನಡುವೆ ಸಂದು ಬಿಟ್ಟು ಜೋಡಿಸಿ, ಸಂದುಗಳಿಗೆ ಗಾರೆ ತುಂಬಿ, ನೀರಿನ ಕೊಳವೆಯ ಕಡೆಗೆ ನೂರಕ್ಕೆ ಒಂದರಂತೆ ಇಳಿಜಾರು ಕೊಡುತ್ತಾರೆ. ಗೋಡೆಯ ಬುಡದಲ್ಲಿ ಮೂಲೆ ಉಳಿಯದಂತೆ ದುಂಡಗೆ ತಿರುಗಿಸುತ್ತಾರೆ. ಇಟ್ಟಿಗೆಯ ರಂಧ್ರಗಳಲ್ಲಿನ ಗಾಳಿ ಮೇಲಿನ ಅಂತಸ್ತಿನವರಿಗೆ ಬಿಸಿಲಿನ ತಡೆಯೂ ಆಯಿತು. ಮೇಲೆ ಬಿಳಿಯ ಪಿಂಗಾಣಿ ಚೂರುಗಳ ಚೀನಾ ಮೊಸಾಯಿಕ್ ಹಾಸಿದರೆ ಬಿಸಿಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸುವ ಗೃಹಿಣಿಯರಿಗೆ ಅಂಥ ತಾರಸಿಯ ಬೆಲೆ ತಿಳಿದಿದೆ.

ಆದರೆ ಕೋಬಾದ ದೋಷವೂ ಇಟ್ಟಿಗೆಯಲ್ಲಿಯೇ ಇದೆ. ಮೇಲ್ಪದರ ಬಿರುಕು ಬಿಟ್ಟಾಗ ಇಟ್ಟಿಗೆ ನೀರು ಕುಡಿದು ಕೂರುತ್ತದೆ. ಉತ್ಥಾನ ದ್ವಾದಶಿ ಕಳೆದು ಮಳೆ ನಿಂತ ಮೇಲೂ ದೇವರ ಕೋಣೆಯ ಮಾಳಿಗೆಯಲ್ಲಿ ತೇವ ಆರದಿದ್ದರೆ ಅದರ ಕಾರಣ ಇದೇ ಇರಬಹುದು. ಅಷ್ಟರಲ್ಲಿ ಕೆಳಗಿನ ಉಕ್ಕಿನ ಸರಳು ತುಕ್ಕು ಹಿಡಿದು ಉಬ್ಬಿ ಚಪ್ಪಡಿಯನ್ನು ಒಡೆಯತೊಡಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ನಗರದಲ್ಲಿ ಇದು ಸಣ್ಣ ವಿಷಯವಲ್ಲ.

ಇದಕ್ಕಿಂತ ದೊಡ್ಡ ಅಪಾಯ, ಸೋರಿದಾಗಲೆಲ್ಲ ಹಳೆಯ ಕೋಬಾದ ಮೇಲೆಯೇ ಹೊಸದನ್ನು ಹಾಕುವ ಅಭ್ಯಾಸ. ಹತ್ತು ಸೆಂಟಿಮೀಟರ್ ದಪ್ಪದ ಕೋಬಾ ಒಂದು ಚದರ ಮೀಟರಿಗೆ ಸುಮಾರು 190 ಕಿಲೋ ತೂಗುತ್ತದೆ. ಜನರು ಓಡಾಡುವ ತಾರಸಿಗೆ ಸಂಹಿತೆಯು ಚಲಭಾರವೆಂದು ಲೆಕ್ಕ ಹಿಡಿಯುವುದು ಸುಮಾರು 150 ಕಿಲೋ. ಅಂದರೆ ಒಂದು ಹೆಚ್ಚುವರಿ ಪದರವೇ ಆ ಲೆಕ್ಕವನ್ನು ಮೀರುತ್ತದೆ, ಎಪ್ಪತ್ತು ವರ್ಷ ದಾಟಿದ ತೊಲೆಗಳ ಮೇಲೆ. ಅಗ್ಗದ ಗುತ್ತಿಗೆದಾರನು ಈ ಲೆಕ್ಕವನ್ನು ಹೇಳುವುದಿಲ್ಲ. ಸೊಸೈಟಿಯ ಸಭೆಯೇ ಕೇಳಬೇಕು. ಹಳೆಯ ಪದರವನ್ನು ಕೈ ಉಳಿಯಿಂದ, ಭಾಗ ಭಾಗವಾಗಿ ಬಿಡಿಸಬೇಕು. ಯಂತ್ರದ ಹೊಡೆತವನ್ನು ಹಳೆಯ ಚಪ್ಪಡಿ ತಾಳಲಾರದು. ಕಿತ್ತ ಚೂರುಗಳನ್ನು ತಾರಸಿಯ ಒಂದೇ ಕಡೆ ರಾಶಿ ಹಾಕದೆ ಅಂದಂದೇ ಇಳಿಸಬೇಕು. ಹೊಸ ಕೆಲಸ ಏಪ್ರಿಲ್ ಕೊನೆಗೆ ಮುಗಿದರೆ, ಏಳು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿ, ತೇವ ಕಂಡಲ್ಲಿ ತಿದ್ದಲು ಮೇ ತಿಂಗಳು ಪೂರ್ತಿ ಕೈಯಲ್ಲಿರುತ್ತದೆ.