ಸಣ್ಣ ಮನೆಗೆ ಅಡ್ಡಿ ಅಳತೆಯಲ್ಲ, ನೆಲದ ದಾಖಲೆ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಜನ ತಿಳಿದಿರಬೇಕಾದ ನಿಯಮಗಳು

ಚಿತ್ರದುರ್ಗ: 20×30 ಸೈಟಲ್ಲಿ ಒಂದು ರೂಮು, ಒಂದು ಅಡುಗೆಮನೆ. ತೋಟದಲ್ಲಿ ಶೀಟ್ ಹಾಕಿದ ಮನೆ. ಅಂಗಡಿ ಹಿಂದಿನ ಹತ್ತಡಿ ಜಾಗದಲ್ಲಿ ಸಂಸಾರ. ಜಿಲ್ಲೆಯ ಯಾವ ತಾಲೂಕಿಗೆ ಹೋದರೂ ಇಂಥ ಮನೆಗಳು ಸಿಗುತ್ತವೆ. ಈಗ ರೆಡಿಮೇಡ್ ಕ್ಯಾಬಿನ್, ಕಂಟೇನರ್ ಮನೆ ಅಂತ ಹೊಸದೂ ಸೇರಿಕೊಂಡಿವೆ. ಕಟ್ಟುವಾಗ ಯಾರೂ ಕೇಳಲ್ಲ. ಕರೆಂಟ್ ಮೀಟರ್, ಬ್ಯಾಂಕ್ ಸಾಲ, ಸರ್ಕಾರಿ ಮನೆ ಸಹಾಯಧನ ಅಂತ ಅರ್ಜಿ ಹಾಕಿದಾಗಲೇ ತಕರಾರು ಶುರು.

ಮನೆ ಚಿಕ್ಕದು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರ ಆಗೋದು ಕಡಿಮೆ. ಹೆಚ್ಚಿನ ತೊಂದರೆ ಬರೋದು ಮನೆ ಕೆಳಗಿನ ಜಾಗ ದಾಖಲೆಯಲ್ಲಿ ಏನಂತ ಇದೆ ಅನ್ನೋದರಿಂದ. ಒಂದೊಂದಾಗಿ ನೋಡೋಣ.

ಶೆಡ್ ಕೂಡ ಕಟ್ಟಡವೇ

ತಗಡಿನ ಶೆಡ್ ಮನೆ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ ಅನ್ನೋ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ಕರ್ನಾಟಕ ಪೌರಸಭೆಗಳ ಕಾಯ್ದೆ 1964ರ ಪ್ರಕಾರ ಕಟ್ಟಡ ಅಂದರೆ ಮನೆ ಮಾತ್ರವಲ್ಲ; ಶೆಡ್, ಗುಡಿಸಲು, ಕೊಟ್ಟಿಗೆ ಎಲ್ಲವೂ ಸೇರುತ್ತವೆ. ಇಟ್ಟಿಗೆ, ಮಣ್ಣು, ಮರ, ಲೋಹ, ಯಾವುದರಿಂದ ಕಟ್ಟಿದರೂ ಲೆಕ್ಕ ಒಂದೇ. ಹಳ್ಳಿಗಳಲ್ಲಿ ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ.

ಚಿತ್ರದುರ್ಗ, ಹಿರಿಯೂರು ನಗರದೊಳಗೆ ಆದ್ರೆ ನಗರಸಭೆ ಲೈಸೆನ್ಸ್ ಕೊಡುತ್ತೆ. ಹೊಸದುರ್ಗ, ಹೊಳಲ್ಕೆರೆ ಪಟ್ಟಣದಲ್ಲಿ ಅಲ್ಲಿನ ಸ್ಥಳೀಯ ಸಂಸ್ಥೆ. ಚಿತ್ರದುರ್ಗ ಸುತ್ತಮುತ್ತ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಬರುವ ಜಾಗವಾದರೆ ಮಾಸ್ಟರ್ ಪ್ಲಾನ್ ಕೂಡ ನೋಡಬೇಕು. ಜಾಗ ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಯಾವ ವಲಯದಲ್ಲಿದೆ ಅನ್ನೋದರ ಮೇಲೆ ಅಲ್ಲಿ ವಾಸ ಮಾಡಬಹುದಾ ಇಲ್ಲವಾ ಅನ್ನೋದು ತೀರ್ಮಾನ ಆಗುತ್ತೆ.

ರೂಮು ಎಷ್ಟಿರಬೇಕು?

ನ್ಯಾಷನಲ್ ಬಿಲ್ಡಿಂಗ್ ಕೋಡ್ 2016 ಪ್ರಕಾರ ಮನೆಯಲ್ಲಿ ವಾಸಕ್ಕೆ ಒಂದೇ ರೂಮು ಇದ್ದರೆ ಅದು ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ ಇರಬೇಕು. ಅಗಲ 2.4 ಮೀಟರ್‌ಗೆ ಕಮ್ಮಿ ಆಗಬಾರದು. ಎರಡು ರೂಮಿದ್ದರೆ ಎರಡನೆಯದು 7.5 ಚದರ ಮೀಟರ್ ಸಾಕು. ಚಾವಣಿ ಎತ್ತರ 2.75 ಮೀಟರ್, ಹತ್ತಿರ ಹತ್ತಿರ 9 ಅಡಿ. ಕೋಡ್ ಮಾದರಿ ಮಾತ್ರ. ಕಡ್ಡಾಯ ಆಗೋದು ಸ್ಥಳೀಯ ಬೈಲಾದಲ್ಲಿ ಏನಿದೆಯೋ ಅದು. ಬಡವರ ವಸತಿ ಯೋಜನೆಗಳಿಗೆ ಪ್ರತ್ಯೇಕ ಸಡಿಲಿಕೆಯೂ ಇದೆ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ ಇರಬೇಕು. ಅಮೆರಿಕದ ಮಾದರಿ ಕಟ್ಟಡ ನಿಯಮದಲ್ಲಿ 400 ಚದರಡಿ ಒಳಗಿನ ಮನೆಗೆ 'ಟೈನಿ ಹೌಸ್' ಅಂತ ಹೆಸರು. ಅಲ್ಲಿ ಪುಟಾಣಿ ಅನ್ನಿಸಿಕೊಳ್ಳುವ ಮನೆ ನಮ್ಮ ಸರ್ಕಾರಿ ಮನೆಗಿಂತ ದೊಡ್ಡದು! ಹಾಗಾಗಿ ಅಳತೆ ಒಂದನ್ನೇ ನೋಡಿದರೆ ನಮ್ಮಲ್ಲಿ ಸಣ್ಣ ಮನೆಗೆ ಜಾಗ ಇದೆ.

ತೊಂದರೆ ಬರೋದು ಸೆಟ್‌ಬ್ಯಾಕ್‌ನಲ್ಲಿ. ಉದಾಹರಣೆಗೆ 20 ಅಡಿ ಅಗಲದ ಸೈಟಲ್ಲಿ ಎರಡೂ ಕಡೆ 3 ಅಡಿ ಬಿಡಬೇಕಾಗಿ ಬಂದರೆ ಗೋಡೆ ಸೇರಿ ಉಳಿಯೋದು 14 ಅಡಿ. ನಿಮ್ಮ ಸೈಟಿಗೆ ಎಷ್ಟು ಬಿಡಬೇಕು ಅಂತ ಪಾಯ ತೆಗೆಯೋ ಮುಂಚೆಯೇ ಕೇಳಿಕೊಳ್ಳಿ.

ಕಂಟೇನರ್ ಮನೆ

ಹಡಗಿನ 20 ಅಡಿ ಕಂಟೇನರ್ ಒಳಗಿನ ಅಗಲ ಸುಮಾರು 2.35 ಮೀಟರ್, ಎತ್ತರ ಸುಮಾರು 2.39 ಮೀಟರ್. ಎತ್ತರದ ಮಾದರಿಯಾದರೂ 2.7 ಮೀಟರ್ ದಾಟಲ್ಲ. ಅಂದರೆ ಕೋಡ್ ಹೇಳುವ ಅಗಲ, ಎತ್ತರ ಎರಡಕ್ಕೂ ಕಮ್ಮಿ. ಒಳಗೆ ಶೀಟ್ ಹೊಡೆಸಿದರೆ ಇನ್ನೂ ಕಿರಿದಾಗುತ್ತೆ. ಎರಡು ಕಂಟೇನರ್ ಜೋಡಿಸಿ ನಡುವಿನ ಗೋಡೆ ತೆಗೆದರೆ ಅಗಲ ಸರಿಹೋಗಬಹುದು, ಎತ್ತರ ಆಗಲ್ಲ. ಚಕ್ರದ ಮೇಲಿನ ಮನೆಯಾದರೆ ಅದು ವಾಹನ. ಆರ್‌ಟಿಒ ನೋಂದಣಿ ಬೇಕಾಗುತ್ತೆ, ಮನೆ ಅಂತ ಖಾತಾ ಆಗಲ್ಲ.

ಹೊಲದಲ್ಲಿ ಮನೆ ಕಟ್ಟಬಹುದಾ?

ಹೆಚ್ಚು ಜನ ಎಡವೋದು ಇಲ್ಲೇ. ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಆಗಬೇಕು. ಇಲ್ಲದಿದ್ದರೆ 96ನೇ ಕಲಂ ಅಡಿ ದಂಡ, ತೆರವು ಎರಡಕ್ಕೂ ಅವಕಾಶ ಇದೆ.

ರೈತರಿಗೆ ಒಂದು ವಿನಾಯಿತಿ ಇದೆ. ಬೇಸಾಯ ಮಾಡುವವರು ತಮ್ಮ ವಾಸಕ್ಕೆ, ಉಪಕರಣ ಇಡೋಕೆ, ದನ ಕಟ್ಟೋಕೆ ತೋಟದ ಮನೆ ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ಶೇ 10 ಮೀರಬಾರದು. 1 ಎಕರೆಗೆ 4 ಗುಂಟೆ, 10 ಗುಂಟೆ ಜಮೀನಿಗೆ 1 ಗುಂಟೆ, ಅಂದರೆ 1,089 ಚದರಡಿ. ಸಣ್ಣ ಮನೆಗೆ ಇದು ಧಾರಾಳ. ಆದರೆ ಅದನ್ನು ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ.

2020ರ ಭೂ ಸುಧಾರಣೆ ತಿದ್ದುಪಡಿ ನಂತರ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಮನೆ ಕಟ್ಟೋ ಹಕ್ಕು ಬರಲ್ಲ. ಫಾರ್ಮ್ ಪ್ಲಾಟ್ ಅಂತ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದರೂ ಪಹಣಿಯಲ್ಲಿ ಅದು ಹೊಲವೇ. ಬೇಸಾಯವೇ ಇಲ್ಲದ ತುಂಡಿನಲ್ಲಿ ಬರೀ ಮನೆ ಎದ್ದರೆ ತೋಟದ ಮನೆ ಅನ್ನೋ ವಾದ ನಿಲ್ಲೋದು ಕಷ್ಟ.

ಕೋಟೆ ಪಕ್ಕದ ಬೀದಿಗಳು

ಚಿತ್ರದುರ್ಗ ನಗರಕ್ಕೆ ಮಾತ್ರ ಇರುವ ಇನ್ನೊಂದು ಮಾತು ಕೋಟೆಯದು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಒಂದೇ ರೂಮಾದರೂ ಅಷ್ಟೆ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅನುಮತಿ ಪಡೆದು ಕಟ್ಟಬಹುದು.

ನಿಷೇಧಿತ ಪ್ರದೇಶದಲ್ಲೂ 1992ರ ಜೂನ್ 16ಕ್ಕಿಂತ ಮುಂಚಿನ ಮನೆಯಿದ್ದರೆ ರಿಪೇರಿಗೆ ಅರ್ಜಿ ಹಾಕಬಹುದು. ಹಳೇ ಮನೆ ಸೋರುತ್ತೆ ಅಂತ ಕೆಡವಿ ಹೊಸದು ಕಟ್ಟೋಕೆ ಹೊರಟರೆ ಅದು ರಿಪೇರಿ ಅನ್ನಿಸಿಕೊಳ್ಳಲ್ಲ. ಹೀಗಾಗಿ ಹಳೇ ತೆರಿಗೆ ರಸೀದಿ, ಕ್ರಯಪತ್ರ ಜೋಪಾನ ಮಾಡಿ.

ಅಂಗಡಿ ಹಿಂದೆ ವಾಸ, ಹೆದ್ದಾರಿ ಪಕ್ಕ ಶೆಡ್

ವಾಣಿಜ್ಯ ವಲಯದಲ್ಲಿ ಸಾಮಾನ್ಯವಾಗಿ ವಾಸಕ್ಕೂ ಅವಕಾಶ ಇರುತ್ತೆ. ಅಂಗಡಿ ಮೇಲೆ ಅಥವಾ ಹಿಂದೆ ಮನೆ ಮಾಡೋದು ತಪ್ಪಲ್ಲ, ಪ್ಲಾನ್‌ನಲ್ಲಿ ಎರಡನ್ನೂ ತೋರಿಸಿರಬೇಕು. ವಸತಿ ವಲಯದಲ್ಲಿ ಸಣ್ಣ ಅಂಗಡಿಗೆ ಅಳತೆಯ ಮಿತಿ ಇದೆ. ಕೈಗಾರಿಕಾ ವಲಯದಲ್ಲಿ ಮಾತ್ರ ಸಂಸಾರ ಹೂಡೋಕೆ ಆಗಲ್ಲ, ಕಾವಲುಗಾರರ ವಸತಿಯಂಥದಕ್ಕಷ್ಟೇ ಅವಕಾಶ.

ಹಿರಿಯೂರು, ಚಿತ್ರದುರ್ಗ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದವರು ಇನ್ನೊಂದು ಗಮನಿಸಬೇಕು. ಊರಾಚೆ ರಸ್ತೆ ಮಧ್ಯದಿಂದ 40 ಮೀಟರ್ ಒಳಗೆ ಕಟ್ಟಡ ಇರಬಾರದು, 75 ಮೀಟರ್ ತನಕ ನಿಯಂತ್ರಣ ಇರುತ್ತೆ ಅನ್ನೋದು ಹೆದ್ದಾರಿಗಳ ಸಾಮಾನ್ಯ ಮಾನದಂಡ.

ತಾಂಡಾ, ಹಟ್ಟಿಗಳ ಮನೆಗಳು

ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳಲ್ಲಿ ತಲೆಮಾರುಗಳಿಂದ ವಾಸವಿದ್ದರೂ ಜಾಗ ಬೇರೆಯವರ ಹೆಸರಲ್ಲಿ ಅಥವಾ ಸರ್ಕಾರದ ಹೆಸರಲ್ಲಿರೋದು ಹಳೇ ಸಮಸ್ಯೆ. ದಾಖಲೆ ಇಲ್ಲದ ಇಂಥ ವಸತಿಗಳು ಖಾಸಗಿ ಜಮೀನಿನಲ್ಲಿದ್ದರೆ ಭೂ ಸುಧಾರಣೆ ಕಾಯ್ದೆಯ 38-ಎ ಕಲಂ ಅಡಿ ವಾಸ ಇರುವವರಿಗೇ ಹಕ್ಕು ಸಿಗುತ್ತೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಉತ್ತರ ಕರ್ನಾಟಕದ 5 ಜಿಲ್ಲೆಗಳ 50 ಸಾವಿರದಷ್ಟು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಿದ್ದು ಇಂಥದೇ ವಸತಿಗಳಿಗೆ. ಸರ್ಕಾರಿ ಜಾಗದಲ್ಲಿ ಮನೆ ಇದ್ದರೆ ಹಳ್ಳಿಯಲ್ಲಿ 94-ಸಿ, ಪಟ್ಟಣದಲ್ಲಿ 94-ಸಿಸಿ. ಕಾನೂನು ಹೇಳಿದ ದಿನಾಂಕಕ್ಕಿಂತ ಮುಂಚೆ ಕಟ್ಟಿದ್ದಕ್ಕೆ ಮಾತ್ರ ಅನ್ವಯ. ಅರ್ಜಿ ವಿಚಾರಿಸೋದು ತಾಲೂಕು ಕಚೇರಿಯಲ್ಲಿ.

ಖಾತಾ ಇದ್ದರೆ ಸಕ್ರಮ ಅಂತಲ್ಲ

ಗ್ರಾಮಠಾಣಾ ಒಳಗಿನ ಮನೆಗೆ ಪರಿವರ್ತನೆ ಬೇಕಿಲ್ಲ, ಇ-ಸ್ವತ್ತುವಿನಲ್ಲಿ ನಮೂನೆ 9 ಸಿಗುತ್ತೆ. ನಮೂನೆ 11-ಬಿ ಬಂದರೆ ಪಂಚಾಯಿತಿ ತೆರಿಗೆ ತಗೊಳ್ತಿದೆ ಅಂತಷ್ಟೇ ಅರ್ಥ. ಪಟ್ಟಣಗಳಲ್ಲಿ 2025ರ ಫೆಬ್ರುವರಿಯಲ್ಲಿ ಶುರುವಾದ ಬಿ-ಖಾತಾ ಕೂಡ ಹಾಗೆಯೇ. 2024ರ ಸೆಪ್ಟೆಂಬರ್ 10ಕ್ಕಿಂತ ಮುಂಚಿನ ಅನಧಿಕೃತ ಸೈಟುಗಳಿಗೆ ಅದು ಸಿಗುತ್ತೆ, ಕಟ್ಟಡ ಸಕ್ರಮ ಆಗಲ್ಲ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ಕರೆಂಟ್ ಸಂಪರ್ಕಕ್ಕೂ ಕಟ್ಟಡದ ದಾಖಲೆ ಕೇಳಲಾಗುತ್ತೆ. ಸಣ್ಣ ಮನೆಗಳಿಗೆ ಈಗ ಯಾವ ನಿಯಮ ನಡೀತಿದೆ ಅಂತ ಬೆಸ್ಕಾಂ ಉಪವಿಭಾಗದಲ್ಲಿ ಮೊದಲೇ ಕೇಳಿ.

ದುಡ್ಡು ಹಾಕೋ ಮುಂಚೆ ನೋಡಿ

* ಜಾಗ ಗ್ರಾಮಠಾಣಾನಾ, ಪರಿವರ್ತನೆ ಆಗಿದೆಯಾ, ಪಹಣಿಯಲ್ಲಿ ಹೊಲ ಅಂತಲೇ ಇದೆಯಾ?
* ನಮೂನೆ 9 ಇದೆಯಾ, ಬರೀ 11-ಬಿ ಇದೆಯಾ? ಪಟ್ಟಣದಲ್ಲಾದರೆ ಎ-ಖಾತಾನಾ, ಬಿ-ಖಾತಾನಾ?
* ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಯಾವ ವಲಯ?
* ಕೋಟೆ, ಹೆದ್ದಾರಿ, ಕೆರೆ, ಅರಣ್ಯದ ಗಡಿಯಿಂದ ಎಷ್ಟು ದೂರ?
* ಸೆಟ್‌ಬ್ಯಾಕ್ ಬಿಟ್ಟು 102 ಚದರಡಿಯ ಒಂದು ರೂಮಾದರೂ ಬರುತ್ತಾ?
* ಲೈಸೆನ್ಸ್ ಕೊಡ್ತೀವಿ ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಿ; ಮೇಲ್ಮನವಿ ಹಾಕೋಕೆ ಆ ಕಾಗದವೇ ಬೇಕು.